ಮೂತ್ರದ ಪ್ರಮಾಣ ಕುಗ್ಗಿದಾಗ

ಇಂದು ನಾನು ಆರಿಸಿಕೊಂಡಿರುವ ವಿಷಯ ನಾಲ್ಕು ಜನರ ನಡುವೆ ಸಾಮಾನ್ಯವಾಗಿ ಯಾರೂ ಎತ್ತದಂಥದು. ಜ್ವರ ಬಂದರೆ ಹೇಳುತ್ತೇವೆ, ತಲೆನೋವು ಬಂದರೆ ಹೇಳುತ್ತೇವೆ. ಆದರೆ 'ಬೆಳಗಿನಿಂದ ನನಗೆ ಮೂತ್ರವೇ ಆಗಿಲ್ಲ' ಎಂದು ಮನೆಯವರ ಮುಂದೆ ಹೇಳುವುದಕ್ಕೂ ಸಂಕೋಚ. ಪ್ರಾಥಮಿಕ ಶಾಲೆಯಲ್ಲಿ 'ಒಂದಕ್ಕೆ ಹೋಗಿ ಬರ್ತೀನಿ ಸಾರ್' ಎಂದು ಕಿರುಬೆರಳು ಎತ್ತುತ್ತಿದ್ದ ಮಗು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಬೆರಳನ್ನು ಮಡಚಿಕೊಂಡುಬಿಡುತ್ತದೆ. ಈ ಸಂಕೋಚಕ್ಕೆ ಕೆಲವೊಮ್ಮೆ ದುಬಾರಿ ಬೆಲೆ ತೆರಬೇಕಾಗುತ್ತದೆ. ಏಕೆಂದರೆ ದೇಹ ದೊಡ್ಡ ಸಂಕಟಕ್ಕೆ ಸಿಕ್ಕಿದಾಗ ಅದು ಮೊದಲು ಕೊಡುವ ಸೂಚನೆಗಳಲ್ಲಿ ಮೂತ್ರದ ಪ್ರಮಾಣ ಕುಗ್ಗುವುದೂ ಒಂದು. ರಕ್ತಪರೀಕ್ಷೆಯಲ್ಲಿ ದೋಷ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಬೇಕಾಗಬಹುದು. ಮೂತ್ರ ಮಾತ್ರ ಕೆಲವೇ ಗಂಟೆಗಳಲ್ಲಿ ಸುದ್ದಿ ಮುಟ್ಟಿಸುತ್ತದೆ.

ಎಷ್ಟು ಕಡಿಮೆಯಾದರೆ ಕಡಿಮೆ?

ನಮ್ಮ ಬೆನ್ನಿನ ಹಿಂಭಾಗದಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನುಮೂಳೆಯ ಎರಡು ಕಡೆಗೂ ಒಂದೊಂದು ಮೂತ್ರಪಿಂಡವಿದೆ. ಗಾತ್ರ ಹೆಚ್ಚುಕಡಿಮೆ ನಮ್ಮ ಮುಷ್ಟಿಯಷ್ಟು; ತೂಕ ಸುಮಾರು 150 ಗ್ರಾಂ. ಎರಡನ್ನೂ ಸೇರಿಸಿದರೂ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲೂ ಆಗದು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ, ಎಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು, ಈ ಎರಡು ಪುಟ್ಟ ಅಂಗಗಳಿಗೇ ಹರಿದುಬರುತ್ತದೆ. ಪ್ರತಿಯೊಂದು ಮೂತ್ರಪಿಂಡದಲ್ಲೂ ಸರಾಸರಿ ಹತ್ತು ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಘಟಕಗಳಿವೆ. ನೆಫ್ರಾನಿನ ತಲೆಯ ಭಾಗದಲ್ಲಿರುವ ಗ್ಲಾಮರುಲಸ್ ಎಂಬ ರಕ್ತನಾಳಗಳ ಗೊಂಚಲು ಜರಡಿಯಂತೆ ರಕ್ತವನ್ನು ಸೋಸುತ್ತದೆ. ಹೀಗೆ ದಿನಕ್ಕೆ ಸೋಸಿಬರುವ ದ್ರವ ಸುಮಾರು 180 ಲೀಟರು. ಹನ್ನೆರಡು ಲೀಟರು ಹಿಡಿಯುವ ಕೊಡದಲ್ಲಿ ಅಳೆದರೆ ಹದಿನೈದು ಕೊಡ! ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನೆಫ್ರಾನಿನ ಉದ್ದನೆಯ ಕೊಳವೆ ಹಿಂದಕ್ಕೆ ಹೀರಿ ರಕ್ತಕ್ಕೆ ಸೇರಿಸುತ್ತದೆ. ಉಳಿದ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಬರುತ್ತದೆ.

ಹಾಗಾದರೆ ನೀರು ಕಡಿಮೆ ಕುಡಿದ ದಿನ ಮೂತ್ರ ಎಷ್ಟು ಕಡಿಮೆಯಾದರೂ ಪರವಾಗಿಲ್ಲವೆ? ಇಲ್ಲ, ಅದಕ್ಕೊಂದು ಮಿತಿಯುಂಟು. ನಾವು ತಿಂದ ಆಹಾರದಿಂದ ಪ್ರತಿದಿನ ಯೂರಿಯಾ, ಲವಣಗಳು, ಆಮ್ಲಗಳು ಉಳಿಯುತ್ತವೆ. ಇವೆಲ್ಲ ನೀರಿನಲ್ಲಿ ಕರಗಿಯೇ ಹೊರಹೋಗಬೇಕು. ಆರೋಗ್ಯವಂತ ಮೂತ್ರಪಿಂಡ ಕಷ್ಟಪಟ್ಟು ದುಡಿದರೆ ರಕ್ತಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಢವಾದ ಮೂತ್ರವನ್ನು ತಯಾರಿಸಬಲ್ಲದು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಆ ಗಾಢತೆಯಲ್ಲೂ ಒಂದು ದಿನದ ಕಸವನ್ನು ಹೊರಸಾಗಿಸಲು ಅರ್ಧ ಲೀಟರಿನಷ್ಟು ನೀರು ಬೇಕೇ ಬೇಕು. ಅದಕ್ಕಿಂತ ಕಡಿಮೆಯಾಯಿತೆಂದರೆ ಕಸದ ಒಂದು ಪಾಲು ಒಳಗೇ ಉಳಿಯಿತೆಂದು ಅರ್ಥ.

ಆದ್ದರಿಂದಲೇ ವಯಸ್ಕರಲ್ಲಿ ದಿನಕ್ಕೆ 400 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬಂದರೆ ವೈದ್ಯರು ಅದನ್ನು ಅಲ್ಪಮೂತ್ರತೆ, ವೈದ್ಯಕೀಯ ಭಾಷೆಯಲ್ಲಿ ಆಲಿಗ್ಯೂರಿಯಾ, ಎಂದು ಕರೆಯುತ್ತಾರೆ. 100 ಮಿಲಿಲೀಟರಿಗಿಂತಲೂ ಕಡಿಮೆಯಾದರೆ ಅದು ಅನ್ಯೂರಿಯಾ, ಎಂದರೆ ಮೂತ್ರವೇ ಇಲ್ಲದ ಸ್ಥಿತಿ. ಆಸ್ಪತ್ರೆಯಲ್ಲಿ ಇಡೀ ದಿನ ಕಾಯಲಾಗದು. ಅಲ್ಲಿ ಗಂಟೆಯ ಲೆಕ್ಕ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ ಅರ್ಧ ಮಿಲಿಲೀಟರಾದರೂ ಮೂತ್ರ ಬರಬೇಕು. ನಿಮ್ಮ ತೂಕ 50 ಕಿಲೋ ಎಂದಾದರೆ ಗಂಟೆಗೆ 25 ಮಿಲಿಲೀಟರು, ದಿನಕ್ಕೆ 600 ಮಿಲಿಲೀಟರು. ಕೂಸುಗಳಿಗೆ ಈ ಅಳತೆ ಎರಡರಷ್ಟು: ಕಿಲೋಗೆ ಗಂಟೆಗೆ ಒಂದು ಮಿಲಿಲೀಟರು.

ಕೆರೆ, ತೂಬು, ಕಾಲುವೆ

ಗದ್ದೆಗೆ ನೀರು ಬರಲಿಲ್ಲ ಎಂದು ಇಟ್ಟುಕೊಳ್ಳಿ. ರೈತ ಏನು ನೋಡುತ್ತಾನೆ? ಮೊದಲು ಕೆರೆಯಲ್ಲಿ ನೀರಿದೆಯೆ ಎಂದು ನೋಡುತ್ತಾನೆ. ಕೆರೆ ತುಂಬಿದ್ದರೆ ತೂಬು ಕೆಟ್ಟಿದೆಯೆ ಎಂದು ನೋಡುತ್ತಾನೆ. ತೂಬೂ ಸರಿಯಿದ್ದರೆ ಕಾಲುವೆಯಲ್ಲಿ ಎಲ್ಲೋ ಮಣ್ಣು ಕುಸಿದು ಕಟ್ಟಿಕೊಂಡಿರಬೇಕು ಎಂದು ಗುದ್ದಲಿ ಹಿಡಿದು ಹೊರಡುತ್ತಾನೆ. ಅಲ್ಪಮೂತ್ರತೆಯ ಕಾರಣಗಳನ್ನು ವೈದ್ಯರು ಹುಡುಕುವುದೂ ಇದೇ ಕ್ರಮದಲ್ಲಿ: ಮೂತ್ರಪಿಂಡಕ್ಕೆ ಮುಂಚಿನ ಕಾರಣ, ಮೂತ್ರಪಿಂಡದ ಒಳಗಿನ ಕಾರಣ, ಮೂತ್ರಪಿಂಡದ ನಂತರದ ಕಾರಣ.

ಮೂವರು ರೋಗಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವನು ಕಾಲೇಜು ಹುಡುಗ. ಜಾತ್ರೆಗೆ ಹೋಗಿ ಬಂದ ಮೇಲೆ ಎರಡು ದಿನದಿಂದ ವಾಂತಿಭೇದಿ. ಎರಡನೆಯವನು ರೈತ. ಪೈರು ಕೊಯ್ಯುವಾಗ ಕಾಲಿಗೆ ಕೊಳಕುಮಂಡಲದ ಹಾವು ಕಚ್ಚಿದೆ. ಮೂರನೆಯವರು ಎಪ್ಪತ್ತು ದಾಟಿದ ಅಜ್ಜ. ಕೆಲವು ತಿಂಗಳಿನಿಂದ ಮೂತ್ರ ತಡೆದು ತಡೆದು ಬರುತ್ತಿತ್ತು, ನಿನ್ನೆಯಿಂದ ಹನಿಯೂ ಇಲ್ಲ. ಮೂವರ ದೂರೂ ಒಂದೇ, ಮೂತ್ರವಾಗುತ್ತಿಲ್ಲ. ಮನೆಯವರು ಮೂವರಿಗೂ ಒಂದೇ ಸಲಹೆ ಕೊಡುತ್ತಾರೆ: 'ಚೆನ್ನಾಗಿ ನೀರು ಕುಡಿ, ಒಂದೆರಡು ಎಳನೀರು ಕುಡಿ, ಸರಿಹೋಗುತ್ತೆ.' ಈ ಸಲಹೆಯಿಂದ ಮೊದಲನೆಯವನು ಬದುಕಬಹುದು. ಎರಡನೆಯವನ ಪ್ರಾಣಕ್ಕೆ ಅದು ಅಪಾಯ ತರಬಹುದು. ಮೂರನೆಯವರಿಗೆ ನೋವು ಇನ್ನಷ್ಟು ಹೆಚ್ಚುತ್ತದೆ. ಏಕೆ? ಒಬ್ಬೊಬ್ಬರನ್ನಾಗಿ ನೋಡೋಣ.

ಕೆರೆ ಬತ್ತಿದಾಗ

ಹುಡುಗನ ಮೂತ್ರಪಿಂಡ ಚೆನ್ನಾಗಿಯೇ ಇದೆ. ಅದಕ್ಕೆ ತಲುಪುವ ರಕ್ತ ಕಡಿಮೆಯಾಗಿದೆ. ವಾಂತಿಭೇದಿ, ಬಿಸಿಲಿನಲ್ಲಿ ಅತಿಯಾದ ಬೆವರು, ಸುಟ್ಟಗಾಯ, ಅಪಘಾತದ ರಕ್ತಸ್ರಾವ, ಹೆರಿಗೆಯ ವೇಳೆಯ ರಕ್ತಸ್ರಾವ ಇವೆಲ್ಲ ಈ ಗುಂಪಿಗೆ ಸೇರಿದವು. ದೇಹದಲ್ಲಿ ನೀರಿದ್ದೂ ಹೃದಯ ದುರ್ಬಲವಾಗಿದ್ದರೆ, ಅಥವಾ ತೀವ್ರ ಸೋಂಕಿನಿಂದ ರಕ್ತದೊತ್ತಡ ಕುಸಿದಿದ್ದರೆ ಆಗಲೂ ಇದೇ ಸ್ಥಿತಿ. ರಕ್ತ ಕಡಿಮೆಯಾದೊಡನೆ ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನು, ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಎಂಬ ಮತ್ತೊಂದು ಹಾರ್ಮೋನು ಬಿಡುಗಡೆಯಾಗುತ್ತವೆ. 'ನೀರನ್ನು ಬಿಡಬೇಡ, ಉಪ್ಪನ್ನು ಬಿಡಬೇಡ' ಎಂಬುದು ಅವು ಮೂತ್ರಪಿಂಡಕ್ಕೆ ಕೊಡುವ ಆಜ್ಞೆ. ಮೂತ್ರ ಕಡಿಮೆಯಾಗಿ, ಗಾಢ ಹಳದಿಯಾಗಿ ಬರುವುದು ಇದರಿಂದಲೇ. ಇಲ್ಲಿಯವರೆಗೆ ಇದು ಕಾಯಿಲೆಯಲ್ಲ, ದೇಹ ತನ್ನನ್ನು ಉಳಿಸಿಕೊಳ್ಳಲು ಮಾಡುವ ಜಾಣತನ. ಆದರೆ ಬರಗಾಲ ಹೆಚ್ಚು ಹೊತ್ತು ಮುಂದುವರಿದರೆ ಆಮ್ಲಜನಕವಿಲ್ಲದೆ ನೆಫ್ರಾನಿನ ಕೊಳವೆಯ ಜೀವಕೋಶಗಳೇ ಸಾಯತೊಡಗುತ್ತವೆ. ಕೆರೆಯ ತೊಂದರೆ ತೂಬಿನ ತೊಂದರೆಯಾಗುತ್ತದೆ. ಚಿಕಿತ್ಸೆಯಲ್ಲಿ ಗಂಟೆಗಳಿಗೆ ಬೆಲೆ ಬರುವುದು ಈ ಕಾರಣದಿಂದ.

ಇದರ ಮದ್ದು ಕಳೆದುಹೋದದ್ದನ್ನು ತುಂಬಿಕೊಡುವುದು. ಬರಿಯ ನೀರಲ್ಲ; ಉಪ್ಪು ಮತ್ತು ಸಕ್ಕರೆ ಸೇರಿದ ನೀರು. ಕರುಳಿನಲ್ಲಿ ಗ್ಲೂಕೋಸು ಹೀರಲ್ಪಡುವಾಗ ಸೋಡಿಯಮ್ಮನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅವೆರಡರ ಹಿಂದೆ ನೀರು ತಾನಾಗಿ ಹೋಗುತ್ತದೆ. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಡ್ರಿಪ್ ಬಾಟಲುಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನೋಬಿಸ್ ಅವರು ಈ ಉಪ್ಪು-ಸಕ್ಕರೆ ದ್ರಾವಣವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ ಕದಡಿ, ಗುಟುಕು ಗುಟುಕಾಗಿ ಕುಡಿಸಿ. ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ರೋಗಿ ಮಂಕಾಗಿದ್ದರೆ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡಬೇಕಾಗುತ್ತದೆ. ಸಕಾಲದಲ್ಲಿ ಕೊಟ್ಟರೆ ಕೆಲವು ಗಂಟೆಗಳಲ್ಲೇ ಮೂತ್ರ ಮರಳಿ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಕ್ರೀಡಾಪಟುಗಳಾದ ನಿಮಗೆ. ಬಿಸಿಲಿನಲ್ಲಿ ಆಡಿ ಬಳಲಿ, ನೀರು ಕುಡಿಯದೆ, ಮೈಕೈ ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಮಾತ್ರೆ ನುಂಗುವ ಅಭ್ಯಾಸ ಕೆಲವರಿಗಿದೆ. ನೀರು ಕಡಿಮೆಯಾದಾಗ ಮೂತ್ರಪಿಂಡ ತನಗೆ ಬರುವ ರಕ್ತನಾಳವನ್ನು ಹಿಗ್ಗಿಸಿಕೊಳ್ಳಲು ಕೆಲವು ರಾಸಾಯನಿಕಗಳನ್ನು ಬಳಸುತ್ತದೆ. ಈ ಮಾತ್ರೆಗಳು ತಡೆಯುವುದು ಆ ರಾಸಾಯನಿಕಗಳನ್ನೇ. ಹೀಗಾಗಿ ಕೆರೆಯ ನೀರು ಕಡಿಮೆಯಿರುವಾಗಲೇ ತೂಬಿನ ಬಾಯನ್ನೂ ಮುಚ್ಚಿದಂತಾಗುತ್ತದೆ.

ತೂಬು ಕೆಟ್ಟಾಗ

ಈಗ ರೈತನ ವಿಚಾರ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಮೂತ್ರಪಿಂಡದ ಜೀವಕೋಶಗಳಿಗೂ ನೇರವಾಗಿ ಹಾನಿ ಮಾಡುತ್ತದೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುತ್ತ ಕೂರುವುದು, ಇವುಗಳಲ್ಲಿ ಕಳೆಯುವ ಪ್ರತಿ ಗಂಟೆಯೂ ಮೂತ್ರಪಿಂಡದ ನಷ್ಟ. ಕಾಲನ್ನು ಅಲುಗಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ವಿಷಪ್ರತಿರೋಧಕ ಚುಚ್ಚುಮದ್ದು ಬೇಗ ಸಿಕ್ಕಷ್ಟೂ ಒಳ್ಳೆಯದು. ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ತೊಂದರೆಗಳ ಪಟ್ಟಿಗೆ ಕರ್ನಾಟಕ 2024ರಲ್ಲಿ ಸೇರಿಸಿದೆ ಎಂಬುದು ನಿಮಗೆ ತಿಳಿದಿರಲಿ.

ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಬರುವ ಇಲಿಜ್ವರ, ತೀವ್ರ ಮಲೇರಿಯ ಇವೂ ಮೂತ್ರಪಿಂಡವನ್ನು ಕೆಡಿಸಬಲ್ಲವು. ಮಕ್ಕಳಲ್ಲಿ ಗಂಟಲು ಸೋಂಕು ಅಥವಾ ಕಜ್ಜಿ ವಾಸಿಯಾಗಿ ಒಂದರಿಂದ ಮೂರು ವಾರದ ಮೇಲೆ ಮುಖ ಊದಿಕೊಂಡು, ಮೂತ್ರ ಕಡಿಮೆಯಾಗಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದುಂಟು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಿದ ದೇಹದ ರಕ್ಷಣಾ ವ್ಯವಸ್ಥೆ ಗ್ಲಾಮರುಲಸ್ಸಿನ ಜರಡಿಯಲ್ಲಿ ಉರಿಯೂತ ಉಂಟುಮಾಡಿರುತ್ತದೆ. ಸರಿಯಾದ ಆರೈಕೆ ಸಿಕ್ಕರೆ ಬಹುಪಾಲು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಕಲ್ಲು ಕರಗುತ್ತದೆಂದೋ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದೋ ಬಿಂಬುಳಿ, ಧಾರೆಹುಳಿಯಂಥ ಹಣ್ಣುಗಳ ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದು, ಅದರಲ್ಲಿರುವ ಆಕ್ಸಲೇಟು ಕೊಳವೆಗಳಲ್ಲಿ ಹರಳುಗಟ್ಟಿ ಆಸ್ಪತ್ರೆ ಸೇರಿದವರೂ ಇದ್ದಾರೆ.

ಔಷಧವೇ ವಿಷವಾದ ಪ್ರಸಂಗಗಳೂ ಇವೆ. ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರವ ನೋಡಲು ಗ್ಲಿಸರಿನ್ನಿನಂತೆಯೇ ಇರುತ್ತದೆ, ರುಚಿಯೂ ಸಿಹಿ. 1937ರಲ್ಲಿ ಅಮೆರಿಕದಲ್ಲಿ ಇದರಲ್ಲಿ ಕರಗಿಸಿದ ಸಲ್ಫಾ ಔಷಧವನ್ನು ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಆ ದೇಶ ಔಷಧ ಮಾರುವ ಮುನ್ನ ಅದು ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ತಂದಿತು. 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ನಿನಿಂದ ಹದಿನಾಲ್ಕು ರೋಗಿಗಳು ಸತ್ತರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಅರವತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಸೋತು ಸತ್ತಾಗ, ಕಲುಷಿತ ಸಿರಪ್ಪುಗಳಲ್ಲಿ ಪತ್ತೆಯಾದದ್ದೂ ಇದೇ ಜಾತಿಯ ವಿಷ. 2025ರಲ್ಲಿ ನಮ್ಮ ದೇಶದ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ಪಿನಿಂದ ಮತ್ತೆ ಅನೇಕ ಮಕ್ಕಳು ಬಲಿಯಾದರು. ಇಂಥ ಕಡೆಗಳಲ್ಲಿ ತಾಯಂದಿರು ಮೊದಲು ಗಮನಿಸುವ ಸಂಗತಿ ಒಂದೇ: ಔಷಧ ಕುಡಿದ ಮಗು ಮೂತ್ರ ಮಾಡುತ್ತಿಲ್ಲ. ವೈದ್ಯರ ಚೀಟಿಯಿಲ್ಲದೆ ಪುಟ್ಟ ಮಕ್ಕಳಿಗೆ ಕೆಮ್ಮಿನ ಔಷಧ ಕೊಡಬಾರದೆನ್ನುವುದು ಇದಕ್ಕಾಗಿಯೇ.

ತೂಬೇ ಕೆಟ್ಟಿರುವಾಗ ಕೆರೆಗೆ ಇನ್ನಷ್ಟು ನೀರು ತುಂಬಿಸಿದರೆ ಏನಾಗುತ್ತದೆ? ಏರಿ ಒಡೆಯುತ್ತದೆ. ಕುಡಿದ ನೀರು ಹೊರಹೋಗದೆ ಕಾಲು, ಮುಖ ಊದಿಕೊಳ್ಳುತ್ತವೆ; ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಇನ್ನು ಎಳನೀರಿನ ಮಾತು. ಆರೋಗ್ಯವಂತರಿಗೆ ಅದು ಒಳ್ಳೆಯ ಪಾನೀಯವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಬಾಳೆಹಣ್ಣು, ಹಣ್ಣಿನ ರಸಗಳಲ್ಲೂ ಹಾಗೆಯೇ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕು. ಹೆಚ್ಚಾದದ್ದನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡದ ಕೆಲಸ. ಅದು ಕೈಚೆಲ್ಲಿದಾಗ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು, ಒಮ್ಮೆಲೇ ನಿಂತೂ ಹೋಗಬಹುದು. ಪ್ರೀತಿಯಿಂದ ಕೊಟ್ಟ ಎಳನೀರು ಪ್ರಾಣ ತೆಗೆಯುವುದು ಹೀಗೆ.

ಇಂಥ ರೋಗಿಗೆ ಹಿಂದಿನ ದಿನ ಎಷ್ಟು ಮೂತ್ರ ಬಂದಿತೋ ಅದಕ್ಕೆ ಸುಮಾರು ಅರ್ಧ ಲೀಟರು ಸೇರಿಸಿ ಅಷ್ಟೇ ದ್ರವ ಕೊಡುವುದು ರೂಢಿ. ಹಾನಿ ಮಾಡುತ್ತಿರುವ ಔಷಧವನ್ನು ನಿಲ್ಲಿಸಬೇಕು, ಮೂಲ ಕಾಯಿಲೆಗೆ ಚಿಕಿತ್ಸೆ ಆಗಬೇಕು. 'ಮೂತ್ರ ಬರಿಸುವ ಮಾತ್ರೆ ಕೊಟ್ಟರಾಗದೆ?' ಎಂದು ಕೇಳುವವರಿದ್ದಾರೆ. ಫ್ರೂಸೆಮೈಡಿನಂಥ ಔಷಧ ದೇಹದಲ್ಲಿ ತುಂಬಿದ ನೀರನ್ನು ಇಳಿಸಲು ನೆರವಾಗಬಹುದು, ಕೆಟ್ಟ ಮೂತ್ರಪಿಂಡವನ್ನು ಅದು ಗುಣಪಡಿಸದು. ವಾಂತಿಭೇದಿಯ ಹುಡುಗನಿಗೆ ಅದನ್ನು ಕೊಟ್ಟರಂತೂ ಬತ್ತಿದ ಕೆರೆಯ ಕೊನೆಯ ಬಿಂದಿಗೆಯನ್ನೂ ಎತ್ತಿ ಚೆಲ್ಲಿದಂತೆ.

ಕಾಲುವೆ ಕಟ್ಟಿಕೊಂಡಾಗ

ಅಜ್ಜನ ಮೂತ್ರಪಿಂಡಗಳು ಮೂತ್ರವನ್ನು ತಯಾರಿಸುತ್ತಲೇ ಇವೆ. ವಯಸ್ಸಾದಂತೆ ಗಂಡಸರಲ್ಲಿ ದಪ್ಪವಾಗುವ ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಬಾಯನ್ನು ಒತ್ತಿದೆ. ಮೂತ್ರಕೋಶ ತುಂಬಿ ಕಿಬ್ಬೊಟ್ಟೆ ಉಬ್ಬಿದೆ, ತಡೆಯಲಾರದ ನೋವು. ಒಂದು ತೆಳುವಾದ ರಬ್ಬರು ನಳಿಗೆ, ಎಂದರೆ ಕೆಥೀಟರ್, ಒಳಸೇರಿಸಿದೊಡನೆ ಮೂತ್ರ ಹರಿದುಬಂದು ಕೆಲವೇ ನಿಮಿಷಗಳಲ್ಲಿ ಅವರ ಮುಖದ ಮೇಲೆ ನೆಮ್ಮದಿ ಮೂಡುತ್ತದೆ. ಮೂತ್ರನಾಳದ ಕಲ್ಲುಗಳು, ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರು ಕೂಡ ಹೀಗೆ ದಾರಿ ಕಟ್ಟಬಹುದು. ಆಗ ನಾಳದೊಳಗೆ ಸ್ಟೆಂಟ್ ಎಂಬ ಕೊಳವೆ ಇರಿಸಿಯೋ, ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ನಳಿಗೆ ಹಾಕಿಯೋ ಮೂತ್ರವನ್ನು ಹೊರತರುತ್ತಾರೆ.

ಒಂದು ಸೂಕ್ಷ್ಮ ಗಮನಿಸಿ. ಒಂದು ಕಡೆಯ ನಾಳಕ್ಕೆ ಮಾತ್ರ ಕಲ್ಲು ಅಡ್ಡ ಬಂದರೆ ಒಟ್ಟು ಮೂತ್ರ ಅಷ್ಟಾಗಿ ಕುಗ್ಗದು, ಇನ್ನೊಂದು ಮೂತ್ರಪಿಂಡ ದುಡಿಯುತ್ತಿರುತ್ತದೆ. ಆದ್ದರಿಂದ ಮೂತ್ರ ಸರಿಯಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ನಿಧಾನವಾಗಿ ಸೋಲುವ ಮೂತ್ರಪಿಂಡಗಳಲ್ಲೂ ಮೂತ್ರದ ಪ್ರಮಾಣ ಕೊನೆಯ ಹಂತದವರೆಗೆ ಉಳಿದಿರಬಹುದು.

ಈ ಮೂರರಲ್ಲಿ ಯಾವುದು ಎಂದು ವೈದ್ಯರು ಹೇಗೆ ತಿಳಿಯುತ್ತಾರೆ? ರೋಗಿಯ ನಾಡಿ, ರಕ್ತದೊತ್ತಡ, ನಾಲಿಗೆಯ ಪಸೆ ನೋಡುತ್ತಾರೆ. ಕಿಬ್ಬೊಟ್ಟೆ ಮುಟ್ಟಿ ನೋಡುತ್ತಾರೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದರೆ ಕಾಲುವೆ ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ರಕ್ತದ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ಅಳೆಯುತ್ತಾರೆ. ಮೂತ್ರದಲ್ಲಿ ಸೋಡಿಯಂ ಬಹಳ ಕಡಿಮೆಯಿದ್ದರೆ ಮೂತ್ರಪಿಂಡ ಇನ್ನೂ ಉಪ್ಪನ್ನು ಹಿಡಿದಿಡಲು ಹೆಣಗುತ್ತಿದೆ, ಎಂದರೆ ತೊಂದರೆ ಕೆರೆಯಲ್ಲಿದೆ. ಸೋಡಿಯಂ ಸೋರಿಹೋಗುತ್ತಿದ್ದರೆ ತೂಬೇ ಕೆಟ್ಟಿರುವ ಸಂಭವ ಹೆಚ್ಚು.

ಕಾಲಾವಕಾಶ ಕೊಡುವ ಯಂತ್ರ

ಇಷ್ಟೆಲ್ಲ ಮಾಡಿದರೂ ಮೂತ್ರ ಬಾರದೆ, ಪೊಟ್ಯಾಸಿಯಂ ಏರುತ್ತ ಹೋದರೆ? ಎಂಬತ್ತು ವರ್ಷದ ಕೆಳಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕಾಲ್ಫ್ ಎಂಬ ಯುವ ವೈದ್ಯರು 1943ರಲ್ಲಿ ಒಂದು ಯಂತ್ರ ಕಟ್ಟಿದರು. ಮಾಂಸದ ತಿನಿಸುಗಳಿಗೆ ಹೊದಿಕೆಯಾಗಿ ಬಳಸುವ ಸೆಲ್ಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಪೀಪಾಯಿಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ರಕ್ತದ ಕಸ ಕೊಳವೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರಿಗೆ ಇಳಿಯಿತು. ಮೊದಲಿನ ರೋಗಿಗಳು ಒಬ್ಬರ ಹಿಂದೆ ಒಬ್ಬರು ಕೈಜಾರಿದರು. 1945ರಲ್ಲಿ, ಹದಿನೇಳನೆಯ ರೋಗಿಯಾದ 67 ವರ್ಷದ ಮಹಿಳೆ, ಮೂತ್ರಪಿಂಡ ಸೋತು ಪ್ರಜ್ಞೆ ತಪ್ಪಿದ್ದವರು, ಹನ್ನೊಂದು ಗಂಟೆಗಳ ಚಿಕಿತ್ಸೆಯ ಬಳಿಕ ಕಣ್ಣು ತೆರೆದರು. ಅವರ ಮೂತ್ರಪಿಂಡಗಳು ಚೇತರಿಸಿಕೊಂಡವು. ಮುಂದೆ ಅವರು ಏಳು ವರ್ಷ ಬದುಕಿದ್ದರು.

ಇಂದಿನ ಡಯಾಲಿಸಿಸ್ ಯಂತ್ರಗಳೆಲ್ಲ ಆ ಪೀಪಾಯಿಯ ಸಂತಾನ. ನೆನಪಿಡಿ, ಡಯಾಲಿಸಿಸ್ ಮೂತ್ರಪಿಂಡವನ್ನು ವಾಸಿಮಾಡುವುದಿಲ್ಲ. ಅದು ಕಾಲಾವಕಾಶ ಕೊಡುತ್ತದೆ. ಸತ್ತ ಕೊಳವೆಯ ಜೀವಕೋಶಗಳ ಜಾಗದಲ್ಲಿ ಹೊಸವು ಹುಟ್ಟಬಲ್ಲವು. ಅನೇಕರಲ್ಲಿ ಒಂದರಿಂದ ಮೂರು ವಾರಗಳಲ್ಲಿ ಮೂತ್ರ ಮತ್ತೆ ಹರಿಯತೊಡಗುತ್ತದೆ. ಆರಂಭದಲ್ಲಿ ಅದು ಮಿತಿಮೀರಿ ಹರಿಯುವುದೂ ಉಂಟು. ಆಗ ನೀರು, ಲವಣಗಳನ್ನು ಮತ್ತೆ ತುಂಬಿಕೊಡಬೇಕು. ಆದ್ದರಿಂದ 'ಒಮ್ಮೆ ಡಯಾಲಿಸಿಸ್ ಮಾಡಿಸಿದರೆ ಜೀವನಪೂರ್ತಿ ಮಾಡಿಸಬೇಕು' ಎಂಬ ಭಯದಿಂದ ರೋಗಿಯನ್ನು ಮನೆಗೆ ಕರೆದೊಯ್ಯುವುದು ದೊಡ್ಡ ತಪ್ಪು. ದೀರ್ಘಕಾಲದ ಕಾಯಿಲೆಯಿಂದ ಸೋತ ಮೂತ್ರಪಿಂಡಕ್ಕೆ ಆ ಮಾತು ಅನ್ವಯಿಸಬಹುದು. ಹಠಾತ್ತಾಗಿ ಸೋತ ಮೂತ್ರಪಿಂಡಕ್ಕೆ ಸಾಮಾನ್ಯವಾಗಿ ಅಲ್ಲ. ಬಡರೋಗಿಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸಲು 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಗಿದೆ.

ನಿಮ್ಮಿಂದ ಆಗುವ ಕೆಲಸ

ಮಿತ್ರರೆ, ನಿಮ್ಮಲ್ಲಿ ಕೆಲವರು ಮಾತ್ರ ವೈದ್ಯರಾಗಬಹುದು. ಆದರೆ ಕಾಯಿಲೆ ಬಿದ್ದವರ ಪಕ್ಕ ಒಂದಲ್ಲ ಒಂದು ದಿನ ನೀವೆಲ್ಲರೂ ಕೂತಿರುತ್ತೀರಿ. ಆಗ ಎರಡು ಪ್ರಶ್ನೆ ಕೇಳಿ: ಕೊನೆಯ ಸಲ ಮೂತ್ರವಾದದ್ದು ಯಾವಾಗ? ಎಷ್ಟು, ಯಾವ ಬಣ್ಣ? ಒಂದು ಲೀಟರಿನ ಖಾಲಿ ಬಾಟಲಿಯಲ್ಲಿ ಅಳೆದು ಕಾಗದದಲ್ಲಿ ಗಂಟೆ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಆ ಕಾಗದವನ್ನೂ, ರೋಗಿ ನುಂಗಿದ ಮಾತ್ರೆಗಳ ಹಾಳೆಗಳನ್ನೂ, ಕುಡಿದ ನಾಟಿ ಔಷಧದ ವಿವರವನ್ನೂ ಮುಚ್ಚುಮರೆಯಿಲ್ಲದೆ ಕೊಡಿ. ಕಾಯಿಲೆಯ ಕೂಸು ಆರು ಗಂಟೆ, ದೊಡ್ಡವರು ಹನ್ನೆರಡು ಗಂಟೆ ಮೂತ್ರ ಮಾಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಜೊತೆಗೆ ಮೈ ಊದಿದ್ದರೆ, ಏದುಸಿರಿದ್ದರೆ, ಮಂಕು ಕವಿದಿದ್ದರೆ, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಅಷ್ಟು ಹೊತ್ತೂ ಕಾಯಬಾರದು.

ಕೊನೆಯದಾಗಿ ನಿಮ್ಮದೇ ವಿಚಾರ. ಶಾಲೆಯ ಶೌಚಾಲಯ ಚೆನ್ನಾಗಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ಹುಡುಗಿಯರು ನಮ್ಮಲ್ಲಿ ಎಷ್ಟೋ ಜನ. ಇದರಿಂದ ಸೋಂಕು, ಕಲ್ಲುಗಳಿಗೆ ದಾರಿಯಾಗುತ್ತದೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದಿತು. ಒಳ್ಳೆಯದೇ. ಆದರೆ ನೀರಿನ ಗಂಟೆಯ ಜೊತೆಗೆ ಬಾಗಿಲು, ಚಿಲಕ, ನೀರು ಮೂರೂ ಇರುವ ಶೌಚಾಲಯವೂ ಬೇಕು. ಅದನ್ನು ಕೇಳುವುದಕ್ಕೆ ನಾಚಬೇಡಿ. ಮೂರನೆಯ ತರಗತಿಯಲ್ಲಿ ಧೈರ್ಯವಾಗಿ ಎತ್ತಿದ ಆ ಕಿರುಬೆರಳನ್ನು ಮಡಚಿಡುವ ಅಗತ್ಯ ಯಾವ ವಯಸ್ಸಿನಲ್ಲೂ ಇಲ್ಲ.